ಕೈಯಿಂದ ಮಾಡಿದ ಮಡಚು ಚಾಕುವಿಗೆ ಬಾಕಿ ಹಣ ಕಳಿಸೋ ಮೊದಲು ಇದನ್ನು ಓದಿ

ಮಾಡುವವರಿಂದ ಒಂದೇ ವಿಡಿಯೊದಲ್ಲಿ ಎರಡು ಸಂಗತಿ ಕೇಳಿ. ಲಾಕ್ ಸರಿಸಿದ ಕೂಡಲೇ ಅಲಗು ತನ್ನ ಭಾರಕ್ಕೇ ಬೀಳಬೇಕು. ಆಮೇಲೆ ಕ್ಯಾಮೆರಾ ನಿಲ್ಲಿಸದೆ, ಪಿವಟ್ ಸ್ಕ್ರೂ (ಅಲಗು ತಿರುಗುವ ಕೀಲಿನ ಸ್ಕ್ರೂ) ಮುಟ್ಟದೆ, ಅದೇ ಅಲಗು ತೆರೆದು ತುದಿಯನ್ನು ಅಕ್ಕಪಕ್ಕ ಒತ್ತಿ, ಅಲುಗಾಡಲ್ಲ ಅಂತ ತೋರಿಸಬೇಕು. ಎರಡರಲ್ಲಿ ಒಂದನ್ನು ಮಾತ್ರ ತೋರಿಸೋದು ಯಾರ ಕೈಲಾದರೂ ಆಗುತ್ತೆ: ಸ್ಕ್ರೂ ಸಡಿಲಿಸಿದರೆ ಅಲಗು ಸರ್ರನೆ ಬೀಳುತ್ತೆ, ಬಿಗಿದರೆ ಅಲುಗಾಟ ಮಾಯ. ನನಗೆ ಮಾಡಿದ್ದು ಇದನ್ನೇ. ವಿಡಿಯೊದಲ್ಲಿ ಸಡಿಲ, ಪಾರ್ಸೆಲ್‌ನಲ್ಲಿ ಬಿಗಿ!

ಕೈಗೆ ಬಂದಾಗ ಅಕ್ಕಪಕ್ಕದ ಅಲುಗಾಟ ಇರಲಿಲ್ಲ, ಸರಿ. ಆದರೆ ಹೆಬ್ಬೆರಳು ನೋಯುವಷ್ಟು ಬಿಗಿ. ಕೇಳಿದರೆ, "ಹೊಸದು ಸರ್, ಬಳಸ್ತಾ ಬಳಸ್ತಾ ಸೆಟ್ ಆಗುತ್ತೆ." ಅಲಗಿನ ಎರಡೂ ಪಕ್ಕ ಪಿವಟ್ ಸುತ್ತ ಕೂರುವ ವಾಷರ್ (ತೆಳು ಬಿಲ್ಲೆ) ನುಣುಪಾಗೋಕೆ ಸ್ವಲ್ಪ ಬಳಕೆ ಬೇಕು ಅನ್ನೋದು ನಿಜ. ಆದರೆ ಬಳಸಿದಷ್ಟೂ ಅಕ್ಕಪಕ್ಕದ ಅಲುಗಾಟ ಹೆಚ್ಚುತ್ತೇ ಹೊರತು ಕಡಿಮೆ ಆಗಲ್ಲ. ಚಾಕು ಮಾಡುವವರಿಗೆ ಇದು ಗೊತ್ತಿರಲ್ವಾ?

ನಾನೇ ಬಿಚ್ಚೋಕೆ ಹೋದರೆ ಸ್ಕ್ರೂ ಅಲ್ಲಾಡಲಿಲ್ಲ. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ತಾನಾಗಿ ಸಡಿಲಾಗದಂತೆ ಹಾಕುವ ಅಂಟು) ಆಗಿದ್ದರೆ ಸಾಮಾನ್ಯ ಡ್ರೈವರ್‌ಗೇ ಬಿಡಬೇಕಿತ್ತು. ಇಲ್ಲಿ ಹಾಕಿದ್ದು ಕೆಂಪು. ಅದು ಸಡಿಲಾಗೋಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೀಟ್ ಗನ್ ಹಿಡಿದರೆ ಮರದ ಹಿಡಿ ಹಾಳಾಗುತ್ತೆ, ಅಲಗಿನ ಹದವೂ ಕೆಡಬಹುದು. ಬೆಸುಗೆ ಐರನ್‌ನ ಮೊನೆಯನ್ನು ಸ್ಕ್ರೂ ತಲೆಗಷ್ಟೇ ಇಟ್ಟು ಬಿಡಿಸಬೇಕು. ಆಗಾಗ ಬಿಚ್ಚಿ ಎಣ್ಣೆ ಬಿಡಬೇಕಾದ ಪಿವಟ್‌ಗೆ ಕೆಂಪು ಹಾಕುವವರು ಒಳಗೇನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ.

ಮುಚ್ಚಿಟ್ಟಿದ್ದು ಸಿಕ್ಕಿತು. ಒಂದು ಕಡೆ 0.5 ಮಿ.ಮೀ. ದಪ್ಪದ ಫಾಸ್ಫರ್ ಬ್ರಾನ್ಜ್ ವಾಷರ್, ಇನ್ನೊಂದು ಕಡೆ 0.4. ಆ ಕೊರತೆ ತುಂಬೋಕೆ ತಾಮ್ರದ ತಗಡಿನ ಒಂದು ಬಿಲ್ಲೆ, ಅದೂ ಕತ್ತರಿಯಲ್ಲಿ ಕತ್ತರಿಸಿದ್ದು. ಅಂಚಿನಲ್ಲಿ ಕತ್ತರಿಯ ಹಲ್ಲಿನ ಗುರುತು ಹಾಗೇ ಇದೆ! ಅಲಗಿನ ಪಿವಟ್ ರಂಧ್ರದಲ್ಲಿ ಡ್ರಿಲ್‌ನ ಗೆರೆಗಳು. ರಂಧ್ರವನ್ನು ಸ್ವಲ್ಪ ಚಿಕ್ಕದಾಗಿ ಕೊರೆದು ರೀಮರ್ (ರಂಧ್ರವನ್ನು ನಿಖರವಾಗಿ ಹಿಗ್ಗಿಸುವ ಉಪಕರಣ) ಹಾಕಿ ಅಳತೆಗೆ ತರಬೇಕು, ಹದ ಹಾಕಿದ ಮೇಲೆ ಮತ್ತೆ ನುಣುಪು ಮಾಡಬೇಕು. ಇಲ್ಲಿ ಬರೀ ಡ್ರಿಲ್ ಓಡಿಸಿ ಬಿಟ್ಟಿದ್ದಾರೆ. ಅಲಗಿನ ಬುಡದ ಎರಡು ಮುಖಗಳೂ ಸಮಾನಾಂತರ ಇಲ್ಲ, ಹಾಗಾಗಿ ಅರ್ಧ ತೆರೆದಾಗ ಬಿಗಿ, ಪೂರ್ತಿ ತೆರೆದಾಗ ಸಡಿಲ.

"0.05 ಮಿ.ಮೀ. ಸಂದು ಯಾರಿಗೆ ಕಾಣುತ್ತೆ ಸರ್?" ಅನ್ನೋದು ಮುಂದಿನ ಉತ್ತರ. 12 ಮಿ.ಮೀ. ಅಗಲದ ವಾಷರ್ ಹತ್ತಿರ 0.05 ಸಂದು ಇದ್ದರೆ, ಪಿವಟ್‌ನಿಂದ 90 ಮಿ.ಮೀ. ದೂರದ ತುದಿ ಒಂದೊಂದು ಕಡೆಗೂ ಸುಮಾರು 0.4 ಮಿ.ಮೀ. ವಾಲುತ್ತೆ. ಅದು ಕೈಗೂ ಗೊತ್ತಾಗುತ್ತೆ, ಕಣ್ಣಿಗೂ ಕಾಣುತ್ತೆ.

ಇದಕ್ಕಿಂತ ಅಪಾಯದ್ದು ಮೇಲೆ-ಕೆಳಗೆ ಆಡುವ ಅಲುಗಾಟ. ಇದಕ್ಕೆ ಪಿವಟ್ ಬಿಗಿಯೋದು ಮದ್ದಲ್ಲ, ಅದು ಲಾಕ್‌ನ ರೋಗ. ಅಲಗು ತೆರೆದಾಗ ಅದರ ಬುಡಕ್ಕೆ ಒತ್ತಿ ನಿಂತು ಲಾಕ್ ಮಾಡುವ ಪಟ್ಟಿಯೇ ಲೈನರ್. ಅದು ತಾಗುವ ಅಲಗಿನ ಮುಖಕ್ಕೆ ಮಾರ್ಕರ್ ಬಳಿದು ನಾಲ್ಕಾರು ಸಲ ತೆರೆದು ಮುಚ್ಚಿ. ಬಣ್ಣ ಎಲ್ಲಿ ಅಳಿಸಿದೆಯೋ ಲೈನರ್ ತಾಗೋದು ಅಲ್ಲೇ. ಪಿವಟ್‌ನಿಂದ ಆದಷ್ಟು ದೂರದ ಅಂಚಿನಲ್ಲಿ ತಾಗಬೇಕು. ಇದರಲ್ಲಿ ಪಿವಟ್ ಪಕ್ಕದ ಮೂಲೆಯೊಂದೇ ಅಳಿಸಿತ್ತು, ಅದಕ್ಕೇ ಅಲಗಿನ ಬೆನ್ನು ಒತ್ತಿದರೆ ಟಕ್ ಟಕ್. ಸಾಲದ್ದಕ್ಕೆ ಹೊಸ ಚಾಕುವಿನಲ್ಲೇ ಲೈನರ್ ಅಲಗಿನ ದಪ್ಪದ ಶೇ. 80ರಷ್ಟು ಒಳಗೆ ಹೋಗಿ ಕೂತಿದೆ. ಹೊಸದರಲ್ಲಿ ಶೇ. 30ರಿಂದ 50 ಇರಬೇಕು, ಸವೆದಂತೆ ಲೈನರ್ ಮುಂದೆ ಸರಿಯೋಕೆ ಜಾಗ ಬೇಕಲ್ಲ. ಇದಕ್ಕೆ ಸರಿಯೋಕೆ ಎಲ್ಲಿದೆ ಜಾಗ?

ಫೋಟೊ ಕಳಿಸಿದ ಮೇಲೆ ಬಂದ ಉತ್ತರ: "ನೀವು ಬಿಚ್ಚಿದ್ದೀರಿ, ವಾರಂಟಿ ಹೋಯ್ತು." ಬಿಚ್ಚದೆ ತಾಮ್ರದ ಬಿಲ್ಲೆ ಕಾಣೋದು ಹೇಗೆ ಸ್ವಾಮಿ? ಆಮೇಲೆ, "ಕೈಕೆಲಸ ಅಂದಮೇಲೆ ಸ್ವಲ್ಪ ಅಲುಗಾಟ ಇದ್ದೇ ಇರುತ್ತೆ." ಮೈ ಉರಿದಿದ್ದು ಈ ಮಾತಿಗೆ. ಒಂದೊಂದು ವಾಷರನ್ನೂ ಕೈಯಲ್ಲಿ ಉಜ್ಜಿ ಅಳತೆಗೆ ತರಲಿ ಅಂತಲೇ ಕೈಕೆಲಸಕ್ಕೆ ಅಷ್ಟು ದುಡ್ಡು ಕೊಡೋದು. ಕಾರ್ಖಾನೆಯ ಅಗ್ಗದ ಚಾಕುವಿನಲ್ಲೂ ಎರಡೂ ವಾಷರ್ ಒಂದೇ ದಪ್ಪ ಇರುತ್ತೆ.

ಮುಂಗಡ ಕೊಟ್ಟಿದ್ದವರು ವಿಡಿಯೊ ಜೊತೆ ಇನ್ನೆರಡು ಕೇಳಿ: ಪಿವಟ್‌ಗೆ ಯಾವ ಬಣ್ಣದ ಥ್ರೆಡ್‌ಲಾಕರ್, ಬಿಚ್ಚಿದರೆ ವಾರಂಟಿ ಉಳಿಯುತ್ತಾ. ಉತ್ತರ ಬರಹದಲ್ಲಿ ಬರಲಿ, ಫೋನ್‌ನಲ್ಲಿ ಬೇಡ. "ನಂಬಿಕೆ ಇಲ್ವಾ ಸರ್" ಅಂದರೆ ಬಾಕಿ ಕಳಿಸಬೇಡಿ.