ಮೈಸೂರಿನ ಮಳೆಗಾಲಕ್ಕೆ ಫ್ರೀಡ್ ಕ್ಲಾಸಿಕ್ ಪಾಯಿಂಟ್ ಶೂ ಆಗುತ್ತಾ?

ಗೆಜ್ಜೆಗೆ ಒಮ್ಮೆ ಪೂಜೆ ಮಾಡಿ ಕಟ್ಟಿಕೊಂಡರೆ ಎಷ್ಟೋ ವರ್ಷ ಬಾಳುತ್ತೆ, ಕಿತ್ತುಹೋದ ಗೆಜ್ಜೆ ಹೊಲಿಸಿಕೊಂಡರೆ ಆಯಿತು. ಬೆರಳ ತುದಿಯಲ್ಲಿ ನಿಂತು ಕುಣಿಯಲು ಹಾಕುವ ಬ್ಯಾಲೆಯ ಪಾಯಿಂಟ್ ಶೂಗೆ ಆ ಆಯುಸ್ಸಿಲ್ಲ. ದೊಡ್ಡ ಬ್ಯಾಲೆ ಕಂಪನಿಯ ಮುಖ್ಯ ನರ್ತಕಿ ಒಂದೇ ಸಂಜೆಗೆ ಒಂದಕ್ಕಿಂತ ಹೆಚ್ಚು ಜೊತೆ ಮುಗಿಸುವುದುಂಟು. ಅಲ್ಲಿ ಖರ್ಚು ಕಂಪನಿಯದು, ಇಲ್ಲಿ ಅಪ್ಪ ಅಮ್ಮನದು.

ಈ ಶೂ ಮಾಡುವ ಲಂಡನ್ನಿನ ಫ್ರೀಡ್ 1929ರಲ್ಲಿ ಶುರುವಾದದ್ದು. ಕ್ಲಾಸಿಕ್ ಮಾದರಿಯನ್ನು ಒಳಮೈ ಹೊರಗಾಗಿ ಹೊಲಿದು, ಆಮೇಲೆ ಮಗುಚಿ, ಒಲೆಯಲ್ಲಿಟ್ಟು ಒಣಗಿಸುತ್ತಾರೆ. ಬೆರಳು ಕೂರುವ ಮುಂಭಾಗದಲ್ಲಿ ಮರದ ತುಂಡು ಇದೆ ಅಂತ ಹಲವರ ನಂಬಿಕೆ. ಇರುವುದು ಗೋಣಿಬಟ್ಟೆ, ಕಾಗದ, ಅಂಟಿನ ಪದರಗಳಷ್ಟೇ. ಅಟ್ಟೆಯ ಮೇಲೆ ಮಾಡಿದವರ ಗುರುತು ಒತ್ತಿರುತ್ತೆ: ಮೀನು, ಕಿರೀಟ, ಲಂಗರು, ಹೀಗೆ. ವೃತ್ತಿಪರ ನರ್ತಕಿಯರು ತಮ್ಮ ಕಾಲಿಗೆ ಹೊಂದಿದ ಒಬ್ಬರ ಗುರುತನ್ನೇ ಹಿಡಿದುಕೊಂಡಿರುತ್ತಾರೆ. ಮೃದಂಗದವರು ಮುಚ್ಚಿಗೆ ಹಾಕಿಸೋಕೆ ಒಬ್ಬರ ಹತ್ತಿರವೇ ಹೋಗೋ ಹಾಗೆ.

ಅಳತೆಯೇ ದೊಡ್ಡ ತಲೆನೋವು. ಉದ್ದಕ್ಕೆ ಒಂದು ನಂಬರ್, ಅಗಲಕ್ಕೆ ಎಕ್ಸ್‌ನಿಂದ ನಾಲ್ಕು ಎಕ್ಸ್‌ವರೆಗೆ. ಎಡ, ಬಲ ಅಂತ ಬೇರೆ ಇಲ್ಲ. ಆನ್‌ಲೈನ್‌ನಲ್ಲಿ ಚಪ್ಪಲಿ ನಂಬರ್ ನೋಡಿ ತರಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಪಾದ ಚಪ್ಪಟೆಯಾಗಿ ಊರಿ ನಿಂತಾಗ ಬೆರಳು ತುದಿಗೆ ತಾಗಬೇಕು, ಆದರೆ ಮಡಚಬಾರದು. ತುದಿಗಾಲಲ್ಲಿ ನಿಂತಾಗ ಹಿಮ್ಮಡಿಯ ಬಟ್ಟೆ ಸ್ವಲ್ಪ ಹಿಡಿದೆಳೆಯುವಷ್ಟು ಸಡಿಲವಾದರೆ ಸರಿ. ‘ಮಗು ಬೆಳೆಯುತ್ತೆ, ಒಂದು ಸೈಜ್ ದೊಡ್ಡದಿರಲಿ’ ಅನ್ನೋ ಲೆಕ್ಕ ಶಾಲೆ ಶೂಗೆ ಸರಿ. ಇಲ್ಲಿ ದೊಡ್ಡದಾದರೆ ಪಾದ ಒಳಗೆ ಜಾರಿ ಕೂತು, ಮೈಭಾರವೆಲ್ಲ ಹೆಬ್ಬೆರಳಿನ ಉಗುರಿನ ಮೇಲೆ ಬೀಳುತ್ತೆ. ಮೇಷ್ಟ್ರು ಎದುರಿಗೆ ನಿಂತು ನೋಡದೆ ಕೊಳ್ಳಬೇಡಿ.

ರಿಬ್ಬನ್ ನಾವೇ ಹೊಲಿಯಬೇಕು. ಹಿಮ್ಮಡಿಯನ್ನು ಮುಂದಕ್ಕೆ ಮಡಚಿದಾಗ ಬೀಳುವ ಮೂಲೆಯೇ ಹೊಲಿಗೆಯ ಜಾಗ. ಅಂಚಿನ ಲಾಡಿಗೆ ಸೂಜಿ ಚುಚ್ಚಿದಿರೋ, ಆಮೇಲೆ ಅದನ್ನು ಬಿಗಿ ಮಾಡಲು ಬರುವುದಿಲ್ಲ. ಗಂಟು ಕಾಲಿನ ಒಳಬದಿಗೆ, ಹರಡಿನ ಎಲುಬಿಗೂ ಹಿಮ್ಮಡಿ ನರಕ್ಕೂ ನಡುವಿನ ತಗ್ಗಿನಲ್ಲಿ ಬರಲಿ. ನರದ ಮೇಲೆಯೇ ಕಟ್ಟಿದರೆ ಉರಿ ಶುರು.

ಭರತನಾಟ್ಯ ಕಲಿತ ಹುಡುಗಿಯರಿಗೆ ಅರಮಂಡಿಯಿಂದ ತೊಡೆ ಗಟ್ಟಿಯಾಗಿರುತ್ತೆ, ಸೊಂಟದಿಂದ ಕಾಲು ಹೊರಳಿಸೋ ಅಭ್ಯಾಸವೂ ಇರುತ್ತೆ. ಆದರೆ ಅಂಗಾಲು ಊರಿ ತಟ್ಟಿದ ಪಾದಕ್ಕೆ ಬೆರಳ ತುದಿಯ ಕೆಲಸ ಹೊಸದು. ಹನ್ನೊಂದು, ಹನ್ನೆರಡು ವಯಸ್ಸಿಗೆ ಮುಂಚೆ, ಒಂದೆರಡು ವರ್ಷದ ಸರಿಯಾದ ಬ್ಯಾಲೆ ತಳಪಾಯವಿಲ್ಲದೆ ಈ ಶೂ ಹಾಕಿಸಬೇಡಿ.

ಇನ್ನು ನೆಲ. ಅಗ್ರಹಾರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಸ್ಯಾಟಿನ್ ತುದಿಗೆ ಮಾತ್ರ ಎಣ್ಣೆ ಸವರಿದ ಹಾಗೆ ಜಾರುತ್ತೆ. ವಿಟ್ರಿಫೈಡ್ ಟೈಲ್ಸ್ ಅದಕ್ಕಿಂತ ಕೆಟ್ಟದ್ದು, ಕೆಳಗೆ ಕಾಂಕ್ರೀಟು ಬೇರೆ. ಅದರ ಮೇಲೆ ಜಿಗಿದರೆ ಮೊಳಕಾಲು ಎಲುಬಿಗೆ ಪೆಟ್ಟು. ತುದಿಗೆ ದಪ್ಪ ನೂಲಿನಿಂದ ಒತ್ತೊತ್ತಾಗಿ ಹೊಲಿಗೆ ಹಾಕಿ, ಸ್ವಲ್ಪ ರಾಳ ಉಜ್ಜಿದರೆ ಹಿಡಿತ ಸಿಗುತ್ತೆ. ಕಾಂಕ್ರೀಟಿನ ಗಡಸಿಗೆ ಅದು ಮದ್ದಲ್ಲ. ಕೆಳಗೆ ಮರದ ಚೌಕಟ್ಟು, ಮೇಲೆ ವಿನೈಲ್ ಹಾಸಿದ ಕ್ಲಾಸಿನಲ್ಲೇ ಜಿಗಿತ ಇಟ್ಟುಕೊಳ್ಳಿ.

ಇವೆಲ್ಲ ಕಲಿತರೆ ಬರುತ್ತೆ, ಮಳೆಗಾಲ ಮಾತ್ರ ಕಲಿತರೂ ಬಿಡಲ್ಲ. ಅಂಟಿನ ಶೂಗೆ ಬೆವರೇ ಶತ್ರು. ಜುಲೈ ಆಗಸ್ಟ್‌ನಲ್ಲಿ ಗಾಳಿಯ ತೇವವೂ ಸೇರಿಕೊಳ್ಳುತ್ತೆ. ಹೆಬ್ಬೆರಳಿನಿಂದ ಮುಂಭಾಗ ಒತ್ತಿ ನೋಡಿ: ಹಪ್ಪಳದಂತೆ ಗಟ್ಟಿಯಿದ್ದದ್ದು ನೆನೆದ ರಟ್ಟಿನಂತೆ ಕುಸಿದರೆ ಅದರ ಕಥೆ ಮುಗಿದಂತೆ. ಸುತ್ತುವಾಗ ಆಧಾರವಾಗಿ ನಿಲ್ಲುವ ಕಾಲಿನದು ಮೊದಲು ಸೋಲುತ್ತೆ. ಮೆತ್ತಗಾದದ್ದರಲ್ಲಿ ಇನ್ನೊಂದು ಕ್ಲಾಸ್ ಎಳೆಯೋಣ ಅನ್ನುವ ಜಿಪುಣತನದಲ್ಲೇ ಕಾಲು ಉಳುಕುವುದು.

ಇನ್ನೊಂದು ಬ್ರ್ಯಾಂಡ್ ಗೇನರ್ ಮಿಂಡನ್. ಅದರ ಶೂನಲ್ಲಿ ಅಂಟಿನ ಬದಲು ಎಲಾಸ್ಟೊಮರ್ (ರಬ್ಬರಿನಂಥ ಪ್ಲಾಸ್ಟಿಕ್) ಇದೆ, ಬೆವರಿಗೆ ಹಾಗೆ ಕರಗಲ್ಲ, ಹೆಚ್ಚು ದಿನ ಬರುತ್ತೆ. ಆದರೆ ಅದು ನಿಮ್ಮ ಪಾದಕ್ಕೆ ಪಳಗುವುದೂ ಇಲ್ಲ, ಮೊದಲ ದಿನ ಕೂತ ಹಾಗೇ ಕೊನೆಯವರೆಗೆ. ಪಾದಕ್ಕೆ ಕೂರುವ ವಿಷಯದಲ್ಲಿ ನಮ್ಮ ಮತ ಫ್ರೀಡ್‌ಗೇ. ಮೈಸೂರಿನಲ್ಲಿ ಎರಡು ಜೊತೆ ಇಟ್ಟುಕೊಂಡು ಸರದಿಯಲ್ಲಿ ಹಾಕಿ. ಕ್ಲಾಸ್ ಮುಗಿದ ಕೂಡಲೇ ಬೆರಳ ಪ್ಯಾಡ್ ತೆಗೆದು, ಒಳಗೆ ಸುಕ್ಕುಗಟ್ಟಿಸಿದ ನ್ಯೂಸ್‌ಪೇಪರ್ ತುರುಕಿ, ಬಟ್ಟೆ ಚೀಲದಲ್ಲಿ ಫ್ಯಾನಿನ ಕೆಳಗೆ ನೇತುಹಾಕಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಬೂಷ್ಟು.