ಕಷ್ಟಕಾಲದಲ್ಲಿ ಮೊದಲು ಬಾಗಿಲು ಹಾಕುವುದು ಚೈನ್ ರೆಸ್ಟೋರೆಂಟೇ ಯಾಕೆ? ಕಾಸರಗೋಡಿನಿಂದ ಒಂದು ವಿಮರ್ಶೆ

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಬ್ರಾಂಡನ್ನಲ್ಲ, ಒಂದು ಪದ್ಧತಿಯನ್ನು. ತಲಪಾಡಿ ಗಡಿಯಿಂದ ಉಪ್ಪಳ, ಕುಂಬಳೆ, ಕಾಸರಗೋಡು ದಾಟಿ ಕಾಞಂಗಾಡಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಫ್ರೈಡ್ ಚಿಕನ್, ಬರ್ಗರ್, ಪಿಜ್ಜಾ ಮಾರುವ ಫ್ರಾಂಚೈಸಿ ಬ್ರಾಂಚುಗಳ, ಅಂದರೆ ದೊಡ್ಡ ಬ್ರಾಂಡಿನ ಹೆಸರನ್ನು ಕರಾರಿನ ಮೇಲೆ ಪಡೆದು ಬೇರೆಯವರು ನಡೆಸುವ ಅಂಗಡಿಗಳ ಪದ್ಧತಿ ಅದು. ತಿನ್ನುವವರ ಕಡೆಯಿಂದ ನೋಡಿದರೆ ಇದಕ್ಕೆ ಒಳ್ಳೆಯ ಅಂಕ ಕೊಡಬೇಕು. ನಡೆಸುವವರ ಕಡೆಯಿಂದ ನೋಡಿದರೆ, ಒಂದು ಕೆಟ್ಟ ವರ್ಷವನ್ನೂ ತಡೆದುಕೊಳ್ಳದ ವ್ಯವಸ್ಥೆ. ವಿಚಿತ್ರವೆಂದರೆ ಎರಡಕ್ಕೂ ಕಾರಣ ಒಂದೇ: ಇಲ್ಲಿ ಯಾವುದನ್ನೂ ಬ್ರಾಂಚಿನವರು ಬದಲಾಯಿಸುವ ಹಾಗಿಲ್ಲ.

ಮೊದಲು ಒಳ್ಳೆಯದನ್ನು ಹೇಳೋಣ. ಕೋಳಿಯ ತುಂಡಿನ ತೂಕ, ಮಸಾಲೆಯಲ್ಲಿ ನೆನೆಯುವ ಹೊತ್ತು, ಎಣ್ಣೆಯ ಬಿಸಿ, ಕರಿದ ಮೇಲೆ ಬಿಸಿ ಪೆಟ್ಟಿಗೆಯಲ್ಲಿ ಎಷ್ಟು ನಿಮಿಷ ಇಡಬಹುದು ಎಂಬುದೆಲ್ಲ ಬರೆದಿಟ್ಟಿರುತ್ತದೆ. ಹೊತ್ತು ಮೀರಿದರೆ ತುಂಡು ಕಸದ ತೊಟ್ಟಿಗೆ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. 2022ರ ಮೇ 1ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಅನೇಕರು ಆಸ್ಪತ್ರೆ ಸೇರಿದರು, ಶಿಗೆಲ್ಲ ಬ್ಯಾಕ್ಟೀರಿಯಾ ಪತ್ತೆಯಾಯಿತು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿ, ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತು ಬರೆಯಲೇಬೇಕೆಂದು ಕಡ್ಡಾಯ ಮಾಡಿತು. ಚೈನ್ ಅಡುಗೆಮನೆಗೆ ಇಂಥ ಲೇಬಲ್ಲು, ಥರ್ಮಾಮೀಟರು ಹೊಸದಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ.

ಈಗ ಎಣ್ಣೆಯ ಹತ್ತಿರ ಹೋಗೋಣ. ಬ್ರಾಂಚಿನ ಆರೋಗ್ಯ ಗೊತ್ತಾಗುವುದು ಅಲ್ಲೇ. ಫ್ರೈಯರ್ ತೊಟ್ಟಿಯ ಎಣ್ಣೆ ವ್ಯಾಪಾರ ಇರಲಿ ಬಿಡಲಿ ಬೆಳಗ್ಗಿನಿಂದ ರಾತ್ರಿಯವರೆಗೆ 170 ಡಿಗ್ರಿ ಆಸುಪಾಸಿನಲ್ಲಿ ಕಾಯುತ್ತಲೇ ಇರುತ್ತದೆ. ಗಿರಾಕಿ ಜಾಸ್ತಿ ಇದ್ದ ದಿನ ಕರಿದ ತುಂಡುಗಳು ಎಣ್ಣೆ ಹೀರಿಕೊಂಡು ಹೋಗುತ್ತವೆ, ಆ ಜಾಗಕ್ಕೆ ಹೊಸ ಎಣ್ಣೆ ಬೀಳುತ್ತದೆ, ತೊಟ್ಟಿ ತಾಜಾ ಉಳಿಯುತ್ತದೆ. ಗಿರಾಕಿ ಕಡಿಮೆಯಾದರೆ ಹೊಸ ಎಣ್ಣೆ ಸೇರುವುದಿಲ್ಲ, ಹಳೆಯದೇ ಕಾದು ಕಾದು ಕೆಡುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು) ನೂರಕ್ಕೆ 25 ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಹಾಗಾಗಿ ಅರ್ಧ ಕೋಳಿ ಮಾರಿದರೂ ಎಣ್ಣೆ ಚೆಲ್ಲುವ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ, ತುಂಡಿನ ಲೆಕ್ಕಕ್ಕೆ ಹಿಡಿದರೆ ಏರುತ್ತದೆ. ಇದೇ ಜಾಗದಲ್ಲಿ ಕೈಬಿಗಿ ಹಿಡಿದ ಬ್ರಾಂಚಿನ ತಿಂಡಿ ಕಪ್ಪಗಾಗುತ್ತದೆ, ಹೊರಪದರದಲ್ಲಿ ಒಂದು ಒಗರು ಕಹಿ ನಿಲ್ಲುತ್ತದೆ, ಪೇಪರಿನಲ್ಲಿ ಎಣ್ಣೆ ಜಿನುಗುತ್ತದೆ.

ಎಣ್ಣೆಯ ದರವೂ ಇಲ್ಲಿಯ ಕೈಯಲ್ಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಅದೇ ಹೊತ್ತಿಗೆ ಇಂಡೋನೇಷ್ಯಾ ಏಪ್ರಿಲ್ 28ರಿಂದ ಮೇ 23ರವರೆಗೆ ತಾಳೆಎಣ್ಣೆ ರಫ್ತನ್ನೇ ನಿಲ್ಲಿಸಿತು. ಆ ಮೇ ತಿಂಗಳಲ್ಲಿ 19 ಕಿಲೋ ವಾಣಿಜ್ಯ ಸಿಲಿಂಡರಿನ ದೆಹಲಿ ದರ 2,355 ರೂಪಾಯಿ ದಾಟಿತ್ತು. ಊರಿನ ಹೋಟೆಲಿನವರು ಮರುದಿನವೇ ಗೋಳಿಬಜೆಯ ಗಾತ್ರ ತುಸು ಇಳಿಸಬಲ್ಲರು, ಇಲ್ಲವೇ ಕರಿಯುವುದನ್ನು ಕಡಿಮೆ ಮಾಡಿ ನೀರುದೋಸೆ ಹೆಚ್ಚಿಸಬಲ್ಲರು. ಬ್ರಾಂಚಿನವರಿಗೆ ಮೆನುವಿನ ಒಂದು ಸಾಲನ್ನೂ ತಾವಾಗಿ ಅಳಿಸಲು ಅಧಿಕಾರವಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ದರ ಆಕಾಶಕ್ಕೇರಿದಾಗ ಉತ್ತರ ಮತ್ತು ಪೂರ್ವ ಭಾರತದ ಮೆಕ್‌ಡೊನಾಲ್ಡ್ಸ್ ಬರ್ಗರಿನಿಂದ ಟೊಮೆಟೊ ತೆಗೆಯಿತಲ್ಲ, ಅದು ಮೇಲಿನಿಂದ ಬಂದ ನಿರ್ಧಾರ.

ಲೆಕ್ಕ ಹೀಗಿರುತ್ತದೆ. ಇದು ಯಾವುದೋ ಅಂಗಡಿಯ ಪುಸ್ತಕವಲ್ಲ, ಮಧ್ಯಮ ಗಾತ್ರದ ಬ್ರಾಂಚಿಗೆ ಉದಾಹರಣೆಯಾಗಿ ಹಿಡಿದದ್ದು. ತಿಂಗಳ ವ್ಯಾಪಾರ 15 ಲಕ್ಷ. ಸಾಮಾನು, ಪ್ಯಾಕಿಂಗ್, ಬ್ರಾಂಡಿನ ಹೆಸರಿಗೆ ಕಟ್ಟುವ ರಾಯಲ್ಟಿ, ಜಾಹೀರಾತಿನ ಪಾಲು, ಡೆಲಿವರಿ ಆ್ಯಪಿನ ಕಮಿಷನ್ ಸೇರಿ ರೂಪಾಯಿಗೆ 52 ಪೈಸೆ ಹೋದರೆ ಉಳಿಯುವುದು 7 ಲಕ್ಷ 20 ಸಾವಿರ. ಬಾಡಿಗೆ ಒಂದೂವರೆ ಲಕ್ಷ, ಅದರ ಮೇಲೆ ಜಿಎಸ್‌ಟಿ 27 ಸಾವಿರ. ಹದಿನಾಲ್ಕು ಜನರ ಸಂಬಳ, ಪಿಎಫ್ ಎಲ್ಲ ಸೇರಿ 2 ಲಕ್ಷ 38 ಸಾವಿರ. ಕರೆಂಟು ಮತ್ತು ಗ್ಯಾಸು 1 ಲಕ್ಷ 35 ಸಾವಿರ. ರಿಪೇರಿ, ಸಾಫ್ಟ್‌ವೇರ್, ಕೀಟನಾಶಕ, ಶುಚಿತ್ವಕ್ಕೆ 50 ಸಾವಿರ. ಒಟ್ಟು 6 ಲಕ್ಷ. ಕೈಗೆ ಬಂದದ್ದು 1 ಲಕ್ಷ 20 ಸಾವಿರ. ಒಳಾಂಗಣಕ್ಕೆ, ಯಂತ್ರಗಳಿಗೆ 50 ಲಕ್ಷ ಸಾಲ ಮಾಡಿದ್ದರೆ ನೂರಕ್ಕೆ 11ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 1 ಲಕ್ಷ 9 ಸಾವಿರ. ಕೊನೆಗೆ ಉಳಿದದ್ದು 11 ಸಾವಿರ!

ಇದು ಎಲ್ಲವೂ ಸರಿಯಿದ್ದ ತಿಂಗಳ ಕಥೆ. ವ್ಯಾಪಾರ ಐದರಲ್ಲಿ ಒಂದು ಪಾಲು ಇಳಿದು 12 ಲಕ್ಷವಾಯಿತೆನ್ನಿ. ಆ 6 ಲಕ್ಷ ಹಾಗೆಯೇ ನಿಂತಿರುತ್ತದೆ. ಕಂತಿಗೆ ಮೊದಲೇ 24 ಸಾವಿರ ಕೈಕಚ್ಚುತ್ತದೆ, ಕಂತು ಸೇರಿದರೆ 1 ಲಕ್ಷ 33 ಸಾವಿರ. ಗಿರಾಕಿ ಬಾರದಿದ್ದರೂ ಡೀಪ್ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲೇ ಓಡಬೇಕು, ಕನೆಕ್ಟೆಡ್ ಲೋಡಿನ (ಜೋಡಿಸಿದ ಯಂತ್ರಗಳ ಒಟ್ಟು ವಿದ್ಯುತ್ ಸಾಮರ್ಥ್ಯದ) ಮೇಲೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಫಿಕ್ಸೆಡ್ ಚಾರ್ಜ್ ಕಟ್ಟಬೇಕು. ಎರಡು ಟೇಬಲ್ ಮುಚ್ಚಿ, ಅರ್ಧ ಹೊತ್ತು ತೆರೆದು ಕಾಲ ತಳ್ಳುವ ದಾರಿ ಕರಾರಿನಲ್ಲೇ ಇಲ್ಲ.

ತೆರಿಗೆಯ ಒಂದು ಗಂಟು ಬಹಳ ಜನರ ಗಮನಕ್ಕೆ ಬರುವುದಿಲ್ಲ. 2017ರ ನವೆಂಬರ್ 15ರಿಂದ ರೆಸ್ಟೋರೆಂಟ್ ಬಿಲ್ಲಿನ ಜಿಎಸ್‌ಟಿ ನೂರಕ್ಕೆ 5ಕ್ಕೆ ಇಳಿಯಿತು, ಗಿರಾಕಿಗೆ ಒಳ್ಳೆಯದಾಯಿತು. ಆದರೆ ಅದರ ಜೊತೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ತಾವು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ ಹೋಯಿತು. ಬಾಡಿಗೆ, ರಾಯಲ್ಟಿ, ಕಮಿಷನ್ ಮೇಲೆ ಕಟ್ಟುವ ನೂರಕ್ಕೆ 18ರ ಜಿಎಸ್‌ಟಿ ವಾಪಸು ಬರುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಹೋಟೆಲಿಗೆ ಬಾಡಿಗೆಯೂ ಇಲ್ಲ, ರಾಯಲ್ಟಿಯೂ ಇಲ್ಲ. ಹಾಗಾಗಿ ಆ ಹೊರೆಯೂ ಇಲ್ಲ.

ಅನಿಶ್ಚಿತತೆ ಎಂಬ ದೊಡ್ಡ ಮಾತಿಗೆ ನಮ್ಮಲ್ಲಿ ಗುರುತಿನ ಮುಖಗಳಿವೆ. ಒಂದು ಕೊಲ್ಲಿಯ ದುಡ್ಡು. ಶಾಲೆಗೆ ರಜೆ ಸಿಕ್ಕಿ ಕೊಲ್ಲಿಯ ಕುಟುಂಬಗಳು ಊರಿಗೆ ಬರುವ ಜುಲೈ, ಆಗಸ್ಟಿನಲ್ಲಿ ಕಾಣುವ ಗಿರಾಕಿಯನ್ನು ನೋಡಿ ವರ್ಷದ ಬಾಡಿಗೆ ಒಪ್ಪಿಕೊಂಡವರು ಸೋಲುತ್ತಾರೆ. ಅಲ್ಲಿ ಕೆಲಸಕ್ಕೆ ಕುತ್ತು ಬಂತೆಂಬ ಸುದ್ದಿ ಬಂದರೆ ಸಾಕು, ಹಣ ಬರುವುದು ನಿಲ್ಲುವ ಮೊದಲೇ ಇಲ್ಲಿ ಹೊರಗಿನ ಊಟ ನಿಲ್ಲುತ್ತದೆ. ಎರಡನೆಯದು ಅಡಿಕೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ದರವನ್ನು (ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರದೇಶದಿಂದ ತರಿಸುವಂತಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇಂಥ ಒಂದು ಆದೇಶ ಬಂದರೂ, ಬಿಗಿ ತಪ್ಪಿದರೂ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳ ಕೈಖರ್ಚಿಗೆ ತಾಗುತ್ತದೆ. ಮನೆಯ ಸಾಮಾನು, ಮದ್ದು, ಶಾಲೆಯ ಫೀಸು ಬಿಡಲಾಗುವುದಿಲ್ಲ. ಬಿಡುವುದು ನಾಲ್ಕು ಜನಕ್ಕೆ ಸಾವಿರ ದಾಟುವ ಬಕೆಟ್ ಚಿಕನ್ನು.

ಮೂರನೆಯದು ರಸ್ತೆ ಮತ್ತು ಗಡಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಕಡೆಯವರು ದಾರಿ ಮುಚ್ಚಿದಾಗ ರೋಗಿಗಳೇ ಮಂಗಳೂರು ತಲುಪಲಾಗದೆ ಒದ್ದಾಡಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಊಟದ ವ್ಯಾಪಾರ ಅದರ ಮುಂದೆ ಸಣ್ಣದು, ಆದರೆ ಗಡಿಯ ಆಚೆಯ ಗೋದಾಮನ್ನು ನಂಬಿದವರಿಗೆ ಪಾಠವಾಯಿತು. ಹೆದ್ದಾರಿ ಆರು ಪಥವಾದ ಮೇಲೆ ಇನ್ನೊಂದು ತೊಡಕು ಹುಟ್ಟಿದೆ. ತಲಪಾಡಿ–ಚೆಂಗಳ ಭಾಗದಲ್ಲಿ ಬೋರ್ಡು ಕಂಡ ಮೇಲೆ ಕಾರು ತಿರುಗಿಸಲು ಜಾಗವಿಲ್ಲ. ಸರ್ವಿಸ್ ರಸ್ತೆಗೆ ಮೊದಲೇ ಇಳಿಯಬೇಕು, ಎದುರು ಬದಿಯವರು ಅಂಡರ್‌ಪಾಸ್ ಹುಡುಕಬೇಕು. ಹೆದ್ದಾರಿ ಮುಖವೆಂದು ಹೆಚ್ಚು ಬಾಡಿಗೆ ತೆತ್ತವರಿಗೆ ಆ ಮುಖವೇ ಈಗ ಉಪಯೋಗಕ್ಕಿಲ್ಲ.

ಹರತಾಳದ ದಿನ ಅಡುಗೆಮನೆಯಲ್ಲಿ ಏನಾಗುತ್ತದೆಂದು ನೋಡಿ. ಹೆಪ್ಪುಗಟ್ಟಿದ ಕೋಳಿಯನ್ನು ಹೊರಗಿಟ್ಟು ಕರಗಿಸುವಂತಿಲ್ಲ. 5 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಒಂದೆರಡು ದಿನ ಇಟ್ಟು ಕರಗಿಸಬೇಕು. ಅಂದರೆ ಬುಧವಾರ ಎಷ್ಟು ಮಾರುತ್ತದೆಂದು ಸೋಮವಾರವೇ ತೀರ್ಮಾನಿಸಬೇಕು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಹರತಾಳಕ್ಕೆ ಏಳು ದಿನ ಮೊದಲು ನೋಟಿಸು ಕೊಡಬೇಕೆಂದು ಕೇರಳ ಹೈಕೋರ್ಟು 2019ರ ಜನವರಿಯಲ್ಲಿ ಹೇಳಿತ್ತು. ಆದರೂ 2022ರ ಸೆಪ್ಟೆಂಬರ್ 23ರ ಹರತಾಳಕ್ಕೆ ಕರೆ ಬಂದದ್ದು ಹಿಂದಿನ ದಿನ. ಅಂಥ ದಿನ ಕರಗಿದ ಕೋಳಿ, ಉಬ್ಬಿದ ಪಿಜ್ಜಾ ಹಿಟ್ಟು, ಹೆಚ್ಚಿದ ಲೆಟ್ಯೂಸ್ ಮೂರೂ ನಷ್ಟದ ಪಟ್ಟಿಗೆ. ಊರ ಹೋಟೆಲಿನವರಿಗೆ ಕೋಳಿ ಬರುವುದು ಅದೇ ದಿನ ಬೆಳಗ್ಗೆ, ಪಕ್ಕದ ಅಂಗಡಿಯಿಂದ. ತರಿಸದಿದ್ದರೆ ಆಯಿತು.

ಹೊರದೇಶದ ಉದಾಹರಣೆಗಳೂ ಇದನ್ನೇ ತೋರಿಸುತ್ತವೆ. 2008ರ ಬ್ಯಾಂಕ್ ಕುಸಿತದಲ್ಲಿ ಐಸ್‌ಲ್ಯಾಂಡಿನ ನಾಣ್ಯ ಬಿದ್ದುಹೋಯಿತು. ಅಲ್ಲಿಯ ಮೆಕ್‌ಡೊನಾಲ್ಡ್ಸ್‌ಗೆ ಈರುಳ್ಳಿಯಿಂದ ಚೀಸಿನವರೆಗೆ ಬಹುತೇಕ ಎಲ್ಲವೂ ಜರ್ಮನಿಯಿಂದ ಬರುತ್ತಿತ್ತು. 2009ರ ಅಕ್ಟೋಬರ್ 31ಕ್ಕೆ ದೇಶದ ಮೂರೂ ಅಂಗಡಿ ಮುಚ್ಚಿದವು. ಅದೇ ಮಾಲೀಕರು ಊರಿನ ಸಾಮಾನು ಬಳಸಿ ಮೆಟ್ರೋ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಜನ ಅದೇ, ಒಲೆ ಅದೇ, ಮುಳುಗಿಸಿದ್ದು ಕರಾರು. ರಷ್ಯಾದಲ್ಲಿ 2022ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಸುಮಾರು 850 ಅಂಗಡಿ ಒಂದೇ ಆಜ್ಞೆಗೆ ನಿಂತವು. ಮಲೇಷ್ಯಾದಲ್ಲಿ 2024ರ ಏಪ್ರಿಲಿನಲ್ಲಿ ಕೆಎಫ್‌ಸಿಯ ನೂರಕ್ಕೂ ಹೆಚ್ಚು ಅಂಗಡಿ ತಾತ್ಕಾಲಿಕವಾಗಿ ಮುಚ್ಚಿದವು. ಕಂಪನಿ ಆರ್ಥಿಕ ಪರಿಸ್ಥಿತಿಯ ಕಾರಣ ಕೊಟ್ಟಿತು, ಪತ್ರಿಕೆಗಳು ಗಾಜಾ ಯುದ್ಧದ ಬಹಿಷ್ಕಾರವನ್ನು ಬರೆದವು. ನಡೆಸುತ್ತಿದ್ದ ಕಂಪನಿ ಮಲೇಷ್ಯಾದ್ದೇ, ಕೆಲಸಗಾರರೂ ಅಲ್ಲಿಯವರೇ. ನಮ್ಮ ಚಿಕ್ಕಮಗಳೂರಿನ ಕಾಫಿಯಿಂದ ಬೆಳೆದ ಕಫೆ ಕಾಫಿ ಡೇಗೆ 2019ರ ಮಾರ್ಚಿನಲ್ಲಿ 1,752 ಕಫೆ ಇದ್ದವು, ಎರಡೇ ವರ್ಷದಲ್ಲಿ 572ಕ್ಕೆ ಇಳಿದವು. ಸಾಲದ ಮೇಲೆ ಕೊರೋನ ಬಿದ್ದಿತ್ತು. ಸಾವಿರಕ್ಕೂ ಹೆಚ್ಚು ಕಡೆ ಕಾಫಿಯ ರುಚಿ ಒಮ್ಮೆಲೇ ಕೆಟ್ಟಿರಲಿಲ್ಲ.

ಚೈನಿನ ಲೆಕ್ಕದಲ್ಲಿ ಬ್ರಾಂಚ್ ಎಂದರೆ ಒಂದು ಸಾಲು. ನಷ್ಟದ ಸಾಲು ಅಳಿಸಿದರೆ ಉಳಿದ ಪುಟ ಚೆನ್ನಾಗಿ ಕಾಣುತ್ತದೆ. ಊರ ಹೋಟೆಲಿನವರಿಗೆ ಅದೇ ಇಡೀ ಪುಸ್ತಕ, ಆದ್ದರಿಂದ ಕೊನೆಯವರೆಗೆ ಎಳೆಯುತ್ತಾರೆ. ಹಾಗೆಂದು ಅವರ ಗೆಲುವನ್ನು ಹಾಡಿ ಹೊಗಳಲೂ ಮನಸ್ಸಾಗುವುದಿಲ್ಲ. ಮನೆಯ ಹೆಂಗಸರ ಸಂಬಳವಿಲ್ಲದ ದುಡಿಮೆ, ಅಡವಿಟ್ಟ ಚಿನ್ನ, ಕಟ್ಟದ ಬಾಡಿಗೆ ಆ ಬಾಗಿಲನ್ನು ತೆರೆದಿಟ್ಟಿರುತ್ತವೆ. ಅವೂ ಮುಚ್ಚುತ್ತವೆ, ಸುದ್ದಿಯಾಗುವುದಿಲ್ಲ ಅಷ್ಟೇ.

ತಿನ್ನಲು ಹೋಗುವವರು ಗಮನಿಸಬೇಕಾದ್ದು: ಮೆನುವಿನ ಮೂರ್ನಾಲ್ಕು ಐಟಂ ದಿನವೂ "ಇಲ್ಲ", ಐಸ್‌ಕ್ರೀಮ್ ಯಂತ್ರ ವಾರಗಟ್ಟಲೆ ಕೆಟ್ಟಿದೆ, ಎಸಿ ಅರ್ಧ ಹಾಲ್‌ಗೆ ಮಾತ್ರ, ಬಿಲ್ಲಿಂಗ್ ಮಾಡಿದವರೇ ಟೇಬಲ್ ಒರೆಸುತ್ತಾರೆ ಎಂದಾದರೆ ಬಾಗಿಲು ಹಾಕುವ ದಿನ ದೂರವಿಲ್ಲ. ಅಲ್ಲಿ ಹುಟ್ಟುಹಬ್ಬಕ್ಕೆ ಮುಂಗಡ ಕೊಡಬೇಡಿ, ಗಿಫ್ಟ್ ಕಾರ್ಡು ಕೊಂಡಿದ್ದರೆ ಈಗಲೇ ಮುಗಿಸಿ. ಕರಿದದ್ದನ್ನು ತಿನ್ನುವುದಿದ್ದರೆ ಸಂಜೆ ಏಳರಿಂದ ಒಂಬತ್ತರೊಳಗೆ ಹೋಗಿ, ಆಗ ತೊಟ್ಟಿಯಲ್ಲಿ ಓಡಾಟ ಹೆಚ್ಚು. ಇನ್ನೊಂದು ಮಾತು: ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಮೆನು ಬೋರ್ಡಿಗೆ ಕನ್ನಡದ ಒಂದು ಸಾಲು ಸೇರಿಸಲು ಚೈನಿನವರಿಗೆ ಹೆಚ್ಚು ಖರ್ಚಿಲ್ಲ. ಗಿರಾಕಿ ಕೈಬಿಟ್ಟುಹೋಗುವ ಕಾಲದಲ್ಲಿ ಅದನ್ನಾದರೂ ಮಾಡಬೇಕಿತ್ತು.

ಕೊಲ್ಲಿಯಿಂದ ಬಂದ ಉಳಿತಾಯವನ್ನು ಫ್ರಾಂಚೈಸಿಗೆ ಹಾಕುವವರು ಬ್ರೋಷರಿನ ಲಾಭದ ಪುಟ ಬಿಟ್ಟು ಕರಾರಿನ ಕೊನೆಯ ಪುಟಗಳನ್ನು ಮೊದಲು ಓದಿ. ಲಾಕ್-ಇನ್ (ಬಿಟ್ಟುಹೋಗಲಾಗದ ಅವಧಿ) ಎಷ್ಟು ವರ್ಷ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಂಡ, ಸರಕಾರ ಮುಚ್ಚಿಸಿದ ದಿನಗಳಿಗೂ ಕನಿಷ್ಠ ರಾಯಲ್ಟಿ ಇದೆಯೇ ಎಂದು ನೋಡಿ. ಬಾಡಿಗೆಯನ್ನು ಒಂದೇ ಮೊತ್ತಕ್ಕೆ ಒಪ್ಪದೆ, ಸಣ್ಣ ಮೂಲ ಬಾಡಿಗೆ ಮತ್ತು ವ್ಯಾಪಾರದ ಮೇಲೆ ಇಂತಿಷ್ಟು ಪಾಲು ಎಂದು ಬರೆಸಿ. ಕಟ್ಟಡದ ಮಾಲೀಕರ ಜೊತೆಗಿನ ಅವಧಿ ಫ್ರಾಂಚೈಸಿಯ ಅವಧಿಗಿಂತ ಉದ್ದವಿರಬಾರದು, ಇಲ್ಲದಿದ್ದರೆ ಬ್ರಾಂಡು ಹೋದ ಮೇಲೂ ಬಾಡಿಗೆ ಹೆಗಲಿಗೇ ಇರುತ್ತದೆ. ಆರು ತಿಂಗಳ ಸ್ಥಿರ ಖರ್ಚು, ಮೇಲಿನ ಲೆಕ್ಕದಲ್ಲಿ 36 ಲಕ್ಷ, ಬೇರೆ ಖಾತೆಯಲ್ಲಿ ಇಡಲಾಗದಿದ್ದರೆ ಕೈ ಹಾಕಬೇಡಿ.

ಮುಚ್ಚಿದ ಬ್ರಾಂಚಿನ ಯಂತ್ರಗಳನ್ನು ಕೊಳ್ಳುವ ಹೋಟೆಲಿನವರಿಗೆ ಒಂದು ಸೂಚನೆ. ಫ್ರೈಯರನ್ನು ನೀರು ತುಂಬಿಸಿ ನೋಡಿದರೆ ಸಾಲದು, ಎಣ್ಣೆ ಹಾಕಿ 170 ಡಿಗ್ರಿಗೆ ಏರಿಸಿ ಬೇರೆ ಥರ್ಮಾಮೀಟರಿನಿಂದ ಅಳೆಯಿರಿ, ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ ಥರ್ಮೋಸ್ಟ್ಯಾಟ್ ಬದಲಿಸುವ ಖರ್ಚನ್ನು ದರದಲ್ಲಿ ಕಳೆಯಿರಿ. ತೊಟ್ಟಿಯ ಮೂಲೆಯ ಬೆಸುಗೆಯಲ್ಲಿ ಜಿನುಗಿದ ಗುರುತಿದ್ದರೆ ಬಿಡಿ. ಪ್ರೆಷರ್ ಫ್ರೈಯರ್ ಆದರೆ ಮುಚ್ಚಳದ ಗ್ಯಾಸ್ಕೆಟ್ಟೂ ಸೇಫ್ಟಿ ವಾಲ್ವೂ ಹೊಸದು ಸಿಗುತ್ತದೆಯೇ ಎಂದು ವಿಚಾರಿಸಿಯೇ ದುಡ್ಡು ಕೊಡಿ.