ಬಾಹ್ಯಾಕಾಶದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು? ಕರ್ಬಲ್, ಎಲೀಟ್, ಆರ್ಬಿಟರ್ ಮೂರನ್ನೂ ಆಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನೌಕೆ ಹಾರಿಸುವ ಈ ಮೂರು ಕಂಪ್ಯೂಟರ್ ಗೇಮ್‌ಗಳಲ್ಲಿ ನನ್ನ ಓಟು ಕರ್ಬಲ್ ಸ್ಪೇಸ್ ಪ್ರೋಗ್ರಾಂಗೆ. ಅದರ ಎರಡನೇ ಭಾಗಕ್ಕಲ್ಲ, 2015ರಲ್ಲಿ 1.0 ಬಂತಲ್ಲ, ಆ ಹಳೆಯದಕ್ಕೆ. ಸೇಲ್‌ನಲ್ಲಿ ತೆಗೆದುಕೊಂಡದ್ದು. ಕೊಟ್ಟ ದುಡ್ಡಿಗೆ ಇಷ್ಟು ಸಿಕ್ಕಿದ ಗೇಮ್ ನನ್ನ ಹತ್ತಿರ ಬೇರೆ ಇಲ್ಲ. ಅದೇ ಸೇಲ್‌ನಲ್ಲಿ ಎಲೀಟ್ ಡೇಂಜರಸ್ ಕೂಡ ಕೊಂಡೆ, ಆಮೇಲೆ ಆರ್ಬಿಟರ್ ಪುಕ್ಕಟೆ ಇಳಿಸಿಕೊಂಡೆ. ಮೂರನ್ನೂ ಬದಿಯಡ್ಕದ ಮನೆಯಲ್ಲಿ, ಒಂದೇ ಲ್ಯಾಪ್‌ಟಾಪ್‌ನಲ್ಲಿ, ರಾತ್ರಿ ಊಟ ಆದ ಮೇಲೆ ಆಡಿದ್ದು. ಗ್ರಾಫಿಕ್ಸ್ ಹೇಗೆ, ಎಷ್ಟು ಗ್ರಹ ಉಂಟು, ಎಷ್ಟು ಜಿಬಿ ಅನ್ನುವುದೆಲ್ಲ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಬೇಕಾದ್ದು ಒಂದೇ ವಿಷಯ. ಸುತ್ತ ಕಪ್ಪು ಆಕಾಶ ಮಾತ್ರ ಇರುವಾಗ ನನ್ನ ನೌಕೆಯ ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ಯಾವ ಗೇಮ್ ಸರಿಯಾಗಿ ಹೇಳುತ್ತದೆ?

ಇದು ಸಣ್ಣ ವಿಷಯ ಅಲ್ಲ. ನಮ್ಮ ಕಿವಿಯ ಒಳಗೆ ಸುಣ್ಣದಂಥ ಸಣ್ಣ ಸಣ್ಣ ಹರಳುಗಳಿವೆ, ಭೂಮಿ ಅವನ್ನು ಎಳೆಯುವುದರಿಂದಲೇ ಕಣ್ಣು ಮುಚ್ಚಿದರೂ ನಮಗೆ ಕೆಳಗೆ ಯಾವುದು ಅಂತ ಗೊತ್ತಾಗುತ್ತದೆ. ಕಕ್ಷೆಗೆ ಹೋದವರಿಗೆ ಆ ಸೂಚನೆ ನಿಂತುಹೋಗುತ್ತದೆ, ಎಷ್ಟೋ ಜನರಿಗೆ ಮೊದಲ ದಿನಗಳಲ್ಲಿ ವಾಂತಿ ಬರುವುದು ಅದಕ್ಕೇ. ಕುರ್ಚಿಯಲ್ಲಿ ಕೂತು ಆಡುವ ನಮಗೆ ಉಲ್ಟಾ ಕಷ್ಟ: ಕಿವಿ ನೆಟ್ಟಗೆ ಕೂತಿದ್ದೀಯ ಅನ್ನುತ್ತದೆ, ಕಣ್ಣು ತಿರುಗುತ್ತಾ ಇದ್ದೀಯ ಅನ್ನುತ್ತದೆ. ಹಾಗಾಗಿ ಕಣ್ಣಿಗೆ ಕಾಣುವುದನ್ನು ನಂಬಿ ಹಾರಿಸಲಿಕ್ಕೆ ಆಗುವುದಿಲ್ಲ, ಒಂದು ಉಪಕರಣ ಬೇಕೇ ಬೇಕು. 1961ರಲ್ಲಿ ಗಗಾರಿನ್ ಹೋದ ವೊಸ್ಟಾಕ್‌ನಲ್ಲೂ ಇತ್ತು. ವ್ಜೋರ್ ಅಂತ ಅದರ ಹೆಸರು. ನಡುವೆ ಒಂದು ದೊಡ್ಡ ಕಿಟಕಿ, ಸುತ್ತ ಎಂಟು ಸಣ್ಣ ಕಿಂಡಿ. ಎಂಟರಲ್ಲೂ ಭೂಮಿಯ ಅಂಚಿನ ಬೆಳಕು ಸಮನಾಗಿ ಕಂಡರೆ ನೌಕೆ ಭೂಮಿಗೆ ಸರಿಯಾಗಿ ನಿಂತಿದೆ ಅಂತ ಅರ್ಥ. ಅಪೊಲೊದಲ್ಲಿ ಅದೇ ಕೆಲಸಕ್ಕೆ ಒಂದು ಚೆಂಡು ಇತ್ತು.

ಕರ್ಬಲ್ ಆ ಚೆಂಡನ್ನೇ ಪರದೆಯ ಕೆಳಗೆ ತಂದು ಕೂರಿಸಿದೆ. ನ್ಯಾವ್‌ಬಾಲ್. ಅರ್ಧ ನೀಲಿ, ಅರ್ಧ ಕಂದು. ನೀಲಿ ಅಂದರೆ ಆಕಾಶದ ಕಡೆ, ಕಂದು ಅಂದರೆ ನೆಲದ ಕಡೆ, ನಡುವೆ ಗೆರೆ. ಚೆಂಡು ತಿರುಗುತ್ತಾ ಇದೆ ಅಂತ ಮೊದಲು ಅನಿಸುತ್ತದೆ, ನಿಜವಾಗಿ ಅದು ಇದ್ದಲ್ಲೇ ಇರುತ್ತದೆ. ಬಾವಿಗೆ ಬಿದ್ದ ತೆಂಗಿನಕಾಯಿ ಅಲ್ಲಾಡದೆ ತೇಲುತ್ತಾ ಇರುವಾಗ ನಾವು ಕಟ್ಟೆಯ ಸುತ್ತ ನಡೆದರೆ ಬೇರೆ ಬೇರೆ ಮುಖ ಕಾಣುತ್ತದಲ್ಲ, ಹಾಗೆ. ತಿರುಗುವುದು ನೌಕೆ. ಇದು ಒಮ್ಮೆ ತಲೆಗೆ ಹತ್ತಿತು ಅಂದರೆ ಹೊರಗಿನ ಚಿತ್ರ ನೋಡುವ ಅಭ್ಯಾಸವೇ ಬಿಟ್ಟುಹೋಗುತ್ತದೆ. ಚೆಂಡಿನ ಮೇಲೆ ಹಳದಿ ಹಸಿರಿನ ಒಂದು ಗುರುತು, ಹೋಗುತ್ತಿರುವ ದಿಕ್ಕು. ಒಳಗೆ ಅಡ್ಡಗೆರೆ ಇರುವ ಅದರ ಜೋಡಿ, ಬಂದ ದಿಕ್ಕು. ನೇರಳೆ ತ್ರಿಕೋನಗಳು ಕಕ್ಷೆಯ ತಟ್ಟೆಗೆ ಮೇಲೆ ಮತ್ತು ಕೆಳಗೆ. ಬಣ್ಣ ನೋಡಿದರೆ ಸಾಕು, ಓದಬೇಕಾಗಿಲ್ಲ.

ಆದರೆ ನಾನು ಕರ್ಬಲ್‌ಗೆ ಓಟು ಹಾಕಿದ್ದು ಬಣ್ಣಕ್ಕಲ್ಲ. ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇನೆ ಅನ್ನುವುದನ್ನು ಆ ಚೆಂಡು ಬಾಯಿಬಿಟ್ಟು ಹೇಳುತ್ತದೆ. ಮೇಲ್ಗಡೆ ವೇಗದ ಅಂಕಿಯ ಜೊತೆ ಸರ್ಫೇಸ್ (ನೆಲಕ್ಕೆ ಹೋಲಿಸಿ), ಆರ್ಬಿಟ್ (ಕಕ್ಷೆಗೆ), ಟಾರ್ಗೆಟ್ (ಗುರಿಗೆ) ಅಂತ ಮೂರರಲ್ಲಿ ಒಂದು ಬರೆದಿರುತ್ತದೆ. ಸುಮ್ನೆ ಬರೆದದ್ದಲ್ಲ ಅದು. ಗೇಮ್‌ನ ಚಂದ್ರ ಇದೆಯಲ್ಲ, ಮುನ್, ಅದರ ತ್ರಿಜ್ಯ 200 ಕಿ.ಮೀ. ಅದು ತನ್ನ ಸುತ್ತ ತಿರುಗುವಾಗ ಸಮಭಾಜಕದಲ್ಲಿ ನೆಲ ಸೆಕೆಂಡಿಗೆ ಸುಮಾರು 9 ಮೀಟರ್ ಸರಿಯುತ್ತಾ ಇರುತ್ತದೆ. ಆರ್ಬಿಟ್ ಅಂತ ಇರುವಾಗ ವೇಗವನ್ನು ಸೊನ್ನೆಗೆ ತಂದರೆ ಅಂಕಿ ಸೊನ್ನೆ ತೋರಿಸುತ್ತದೆ, ಕಾಲಡಿಯ ನೆಲ ಮಾತ್ರ 9 ಮೀಟರ್ ವೇಗದಲ್ಲಿ ಓಡುತ್ತದೆ. ಹಾಗೆ ಇಳಿದರೆ ಲ್ಯಾಂಡರ್ ಕಾಲು ಮಡಚಿ ಮಗುಚುತ್ತದೆ. ಸರ್ಫೇಸ್‌ಗೆ ಹಾಕಿದ ಕೂಡಲೇ ಅದೇ ಗುರುತು ಚೆಂಡಿನ ಮೇಲೆ ಸ್ವಲ್ಪ ಪಕ್ಕಕ್ಕೆ ಹಾರುತ್ತದೆ. ಆ ಹಾರಿದ ದೂರವೇ ನೆಲದ ಓಟ. ಕೆಳಗೆ ಬಂದ ಹಾಗೆ ಗೇಮ್ ತಾನಾಗಿಯೇ ಬದಲಿಸುತ್ತದೆ, ಮೇಲಿದ್ದಾಗಲೇ ಬೇಕಿದ್ದರೆ ಆ ಅಂಕಿಯ ಮೇಲೆ ಒಂದು ಕ್ಲಿಕ್.

ಇದು ಆಟದ ಲೆಕ್ಕ ಮಾತ್ರ ಅಲ್ಲ. ಚಂದ್ರಯಾನ-3ರ ವಿಕ್ರಮ್‌ನಲ್ಲಿ ಲೇಸರ್ ಡಾಪ್ಲರ್ ವೆಲಾಸಿಮೀಟರ್ ಅಂತ ಒಂದು ಉಪಕರಣ ಹೊಸದಾಗಿ ಸೇರಿಸಿದ್ದರು, ನೆಲಕ್ಕೆ ಹೋಲಿಸಿದ ವೇಗವನ್ನು ನೇರ ಅಳೆಯಲಿಕ್ಕೆ. 2023ರ ಆಗಸ್ಟ್ 23ರ ಸಂಜೆ ಟಿವಿ ಮುಂದೆ ಕೂತು ಅಡ್ಡ ವೇಗ, ಇಳಿಯುವ ವೇಗ ಅಂತ ಎರಡು ಅಂಕಿ ಇಳಿಯುವುದನ್ನು ನೋಡಿದವರಿಗೆ ಕರ್ಬಲ್‌ನ ಇಳಿತ ತಕ್ಷಣ ಅರ್ಥ ಆಗುತ್ತದೆ.

ಈಗ ತಲೆಬಿಸಿ ಮಾಡಿದ ವಿಷಯ. ಕರ್ಬಲ್‌ನಲ್ಲಿ ಚೆಂಡು ಇಡೀ ನೌಕೆಯ ದಿಕ್ಕು ತೋರಿಸುವುದಿಲ್ಲ, ಯಾವ ಭಾಗದಿಂದ ನಾವು ನಡೆಸುತ್ತಿದ್ದೇವೋ ಆ ಭಾಗದ ದಿಕ್ಕು ತೋರಿಸುತ್ತದೆ. ಸಾಮಾನ್ಯವಾಗಿ ಅದು ಮೇಲಿನ ಕ್ಯಾಪ್ಸೂಲ್, ತೊಂದರೆ ಇಲ್ಲ. ಎರಡು ನೌಕೆ ಮೂಗಿಗೆ ಮೂಗು ತಾಗಿಸಿ ಡಾಕ್ ಮಾಡಿದಾಗ, ಅಂದರೆ ಜೋಡಿಸಿದಾಗ, ತೊಂದರೆ ಶುರು. ಈಗ ಎರಡೂ ಸೇರಿ ಒಂದೇ ನೌಕೆ. ಕ್ಯಾಪ್ಸೂಲ್ ಎರಡು, ಒಂದರ ಮುಖ ಇನ್ನೊಂದಕ್ಕೆ ಎದುರು. ಚುಕ್ಕಾಣಿ ಎದುರಿನ ಕ್ಯಾಪ್ಸೂಲ್‌ಗೆ ಹೋಯಿತು ಅಂದರೆ ಚೆಂಡು ಪೂರ್ತಿ ತಿರುಗಿ ನಿಲ್ಲುತ್ತದೆ. ಮುಂದೆ ಹೋಗುವ ದಿಕ್ಕಿಗೆ ಹಿಡಿ ಅಂತ, ನೌಕೆಯ ದಿಕ್ಕನ್ನು ತಾನೇ ಹಿಡಿದಿಡುವ ಎಸ್‌ಎಎಸ್‌ಗೆ ಹೇಳಿದರೆ ಅದು ಪ್ರಾಮಾಣಿಕವಾಗಿ ಆ ಕ್ಯಾಪ್ಸೂಲನ್ನು ಮುಂದಕ್ಕೆ ಹಿಡಿಯುತ್ತದೆ, ನಮ್ಮ ಎಂಜಿನ್ ಮಾತ್ರ ಉಲ್ಟಾ ದಿಕ್ಕಿಗೆ ತಳ್ಳುತ್ತದೆ.

ಅಕ್ಕನ ಮಗ ರಜೆಗೆ ನೀರ್ಚಾಲಿನಿಂದ ಬಂದಿದ್ದ, ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಹೇಳಿದ: "ಎಂತ ಮಾವ, ಚೆಂಡಿನಲ್ಲಿ ಎಲ್ಲ ಸರಿ ಉಂಟು, ಬೆಂಕಿ ಮಾತ್ರ ಮುಂದಿನಿಂದ ಬರ್ತಾ ಉಂಟಲ್ಲ?" ಸರಿಯಾಗಿಯೇ ಗಮನಿಸಿದ್ದ. ಹಳದಿ ಗುರುತು ಚೆಂಡಿನ ನಟ್ಟನಡುವೆ, ವೇಗದ ಅಂಕಿ ಮಾತ್ರ ಏರುವ ಬದಲು ಇಳಿಯುತ್ತಾ ಇತ್ತು. ಎಂಜಿನ್ ನಿಲ್ಲಿಸಿ, ನಮ್ಮ ಕ್ಯಾಪ್ಸೂಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಂಟ್ರೋಲ್ ಫ್ರಮ್ ಹಿಯರ್ ಒತ್ತಿದೆವು. ಚೆಂಡು ಗಿರ್ರನೆ ಸುತ್ತಿ ಕಂದು ನೀಲಿ ಅದಲು ಬದಲಾಯಿತು. ಅಷ್ಟೇ ಕೆಲಸ, ಆದರೆ ಇದನ್ನು ಮಾಡಬೇಕು ಅಂತ ಗೇಮ್ ಆ ಹೊತ್ತಿಗೆ ಒಂದು ಮಾತೂ ಹೇಳುವುದಿಲ್ಲ. ಒಂದು ಸಣ್ಣ ದೀಪ ಆದರೂ ಇಡಬಹುದಿತ್ತು, ಅಲ್ವಾ?

ಪಕ್ಕದಲ್ಲಿ ಡಾಕಿಂಗ್ ಪೋರ್ಟ್ (ಜೋಡಿಸುವ ಬಾಯಿ) ಇರುವ ನೌಕೆಯಲ್ಲಿ ಇದು ಇನ್ನೂ ಜಾಸ್ತಿ. ಡಾಕ್ ಮಾಡುವಾಗ ಪೋರ್ಟ್‌ನಿಂದ ನಡೆಸಲೇಬೇಕು, ಆಗ ದಿಗಂತ 90 ಡಿಗ್ರಿ ಮಗುಚುತ್ತದೆ. ಬಿಡಿಸಿಕೊಂಡು ಹೊರಡುವಾಗ ಚುಕ್ಕಾಣಿಯನ್ನು ಕ್ಯಾಪ್ಸೂಲ್‌ಗೆ ವಾಪಸ್ ಕೊಡದಿದ್ದರೆ ಪೋರ್ಟ್ ಮುಂದಕ್ಕೆ ಮುಖ ಮಾಡುತ್ತದೆ, ಎಂಜಿನ್ ಅಡ್ಡಕ್ಕೆ ಉರಿಯುತ್ತದೆ, ಕಕ್ಷೆ ಎಲ್ಲಿಗೋ ಓರೆಯಾಗುತ್ತದೆ. ನನ್ನ ಪರಿಹಾರ ಎರಡು. ಸಾಧ್ಯವಾದಷ್ಟು ಪೋರ್ಟನ್ನು ಮೂಗಿನ ತುದಿಯಲ್ಲೇ ಇಡುವುದು. ಮತ್ತೆ, ದೊಡ್ಡದಾಗಿ ಎಂಜಿನ್ ಉರಿಸುವ ಮೊದಲು ಸ್ವಲ್ಪವೇ ಥ್ರಾಟಲ್ ಕೊಟ್ಟು ವೇಗದ ಅಂಕಿ ಹೇಳಿದ ಕಡೆಗೆ ಹೋಗುತ್ತದಾ ಅಂತ ನೋಡುವುದು.

ಕ್ಯಾಮೆರಾ ಬಗ್ಗೆ ಒಂದು ಮಾತು: ಏರುತ್ತಾ ಇರುವಾಗ ಒಂದು ಎತ್ತರದಲ್ಲಿ ಅದು ತಾನಾಗಿಯೇ ವಾಲುತ್ತದೆ, ಕೆಳಗಿದ್ದ ಗ್ರಹ ಪಕ್ಕಕ್ಕೆ ಬರುತ್ತದೆ. ನೌಕೆಗೆ ಏನೂ ಆಗಿಲ್ಲ, ಚೆಂಡು ನೋಡಿ. ಬೇಡವಾದರೆ ವಿ ಕೀ ಒತ್ತಿ ಫ್ರೀಗೆ ಹಾಕಿ.

ಎಲೀಟ್ ಡೇಂಜರಸ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಮುಖ್ಯವಾದದ್ದು ಎದುರಿಗಿರುವ ಸ್ಕ್ಯಾನರ್. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋಗೆ ಮಾಡಿದ ಮೊದಲ ಎಲೀಟ್‌ನಲ್ಲೇ ಇದ್ದ ಉಪಾಯ ಅದು. ಮಲಗಿಸಿದ ಒಂದು ತಟ್ಟೆ, ನಡುವೆ ನಾವು, ಸುತ್ತ ಉಳಿದವರು. ಒಬ್ಬೊಬ್ಬರಿಗೂ ಒಂದು ಕಡ್ಡಿ. ಕಡ್ಡಿ ತಟ್ಟೆಯಿಂದ ಮೇಲಕ್ಕೆ ಹೋದರೆ ಅವರು ನಮಗಿಂತ ಮೇಲೆ, ಕೆಳಕ್ಕೆ ಇಳಿದರೆ ಕೆಳಗೆ. ಅಷ್ಟು ವರ್ಷದ ಹಿಂದೆ, ಅಷ್ಟು ಸಣ್ಣ ಮೆಮೊರಿಯಲ್ಲಿ ಮೂರು ಆಯಾಮವನ್ನು ಇಷ್ಟು ಸುಲಭ ಮಾಡಿ ತೋರಿಸಿದ್ದಕ್ಕೆ ನಿಜವಾಗಿ ಕೈಮುಗಿಯಬೇಕು. ಯುದ್ಧಕ್ಕೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಪಕ್ಕದಲ್ಲಿ ಸಣ್ಣ ದಿಕ್ಸೂಚಿಯೂ ಇದೆ. ತುಂಬಿದ ಚುಕ್ಕೆ ಅಂದರೆ ಗುರಿ ಮುಂದೆ, ಖಾಲಿ ಚುಕ್ಕೆ ಅಂದರೆ ಹಿಂದೆ.

ಕೊರತೆ ಏನೆಂದರೆ ಆ ತಟ್ಟೆಗೆ ಗೊತ್ತಿರುವುದು ನನ್ನ ಮೇಲು, ನನ್ನ ಕೆಳಗು ಮಾತ್ರ. ನಾನು ಮಗುಚಿದರೆ ತಟ್ಟೆಯೂ ನನ್ನ ಜೊತೆ ಮಗುಚುತ್ತದೆ. ಸ್ಟೇಷನ್ ಹತ್ತಿರ ಹೋದಾಗ ಇದು ಗೊತ್ತಾಗುತ್ತದೆ. ಸ್ಟೇಷನ್ ತಿರುಗುತ್ತಾ ಇರುತ್ತದೆ, ಒಳಗೆ ಹೋಗುವ ಬಾಗಿಲು ಒಂದು ಅಗಲದ ಸೀಳು, ಅದಕ್ಕೆ ಸರಿಯಾಗಿ ನಾವೂ ಉರುಳಿಕೊಂಡು ಹೋಗಬೇಕು. ಒಳಗೆ ಹೋಗುವಾಗ ಹಸಿರು ದೀಪ ಬಲಕ್ಕೆ, ಕೆಂಪು ಎಡಕ್ಕೆ ಇದ್ದರೆ ನೀವು ಸರಿ. ಚೆನ್ನಾಗಿಯೇ ಯೋಚಿಸಿದ್ದಾರೆ. ಆದರೆ ದೀಪ ಕಾಣುವಷ್ಟು ಹತ್ತಿರ ಹೋಗುವ ತನಕ ಕಣ್ಣಿನ ಅಂದಾಜೇ ಗತಿ. ನೌಕೆ ಸುಮ್ಮನೆ ತಿರುಗುತ್ತಾ ಹೋಗದಂತೆ ತಾನೇ ತಡೆಯುವ ಫ್ಲೈಟ್ ಅಸಿಸ್ಟ್ ತೆಗೆದು ಹಾರಿಸಿದರೆ ನನಗೆ ತಲೆ ತಿರುಗುತ್ತದೆ, ಹೆಚ್ಚು ಹೊತ್ತು ಕೂರಲಿಕ್ಕೆ ಆಗುವುದಿಲ್ಲ. ಗ್ರಹದ ಮೇಲೆ ಇಳಿಯುವಾಗ ದಿಗಂತದ ಗೆರೆ, ಎತ್ತರದ ಅಂಕಿ ಬರುತ್ತದೆ, ಆಗ ನೆಮ್ಮದಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಮಾತ್ರ ಪೂರ್ತಿ ಅರ್ಥ ಆಗುತ್ತದೆ. ಎಲೀಟ್‌ಗೆ ಯಾವಾಗಲೂ ಇಂಟರ್‌ನೆಟ್ ಬೇಕು, ಒಬ್ಬನೇ ಆಡಿದರೂ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಫೈಬರ್ ಕೇಬಲ್ ಇರುವುದು ಹಲಸಿನ ಮರದ ಕೊಂಬೆಯ ದಯೆಯಲ್ಲಿ. ಗಾಳಿ ಬಂತು, ಕೊಂಬೆ ಬಿತ್ತು, ಕರೆಂಟೂ ಹೋಯಿತು, ರೌಟರೂ ಹೋಯಿತು. ಸ್ಟೇಷನ್ ಬಾಗಿಲಿನ ಎದುರು ಸರಿಯಾಗಿ ನಿಂತಿರುವಾಗ ಸಂಪರ್ಕ ಕಡಿದರೆ ಬರುವ ಬೇಸರ ಹೇಳಿ ಪ್ರಯೋಜನ ಇಲ್ಲ. ಕರ್ಬಲ್‌ಗೆ ನೆಟ್ ಬೇಡವೇ ಬೇಡ. ಎಫ್5 ಒತ್ತಿ ಸೇವ್ ಮಾಡಿಟ್ಟರೆ ಬ್ಯಾಟರಿ ಮುಗಿಯುವ ತನಕ ಆಡಬಹುದು.

ಆರ್ಬಿಟರ್ ಮೂರನೆಯದು. ಮಾರ್ಟಿನ್ ಶ್ವೈಗರ್ ಅನ್ನುವವರು 2000ದಿಂದ ಕೊಡುತ್ತಾ ಬಂದಿದ್ದಾರೆ, 2021ರಲ್ಲಿ ಸೋರ್ಸ್ ಕೋಡ್ ಕೂಡ ತೆರೆದಿಟ್ಟರು. ಒಂದು ಪೈಸೆ ಇಲ್ಲ. ಇದರಲ್ಲಿ ನಿಜವಾದ ಸೌರಮಂಡಲ, ನಿಜವಾದ ಅಳತೆ. ಮೇಲು ಕೆಳಗು ತೋರಿಸುವುದು ಗಾಜಿನ ಮೇಲೆ ಬರುವ ಹಸಿರು ಗೆರೆಗಳು. ಎಚ್ ಕೀ ಒತ್ತಿದ ಹಾಗೆ ನೆಲಕ್ಕೆ ಹೋಲಿಸಿ, ಕಕ್ಷೆಗೆ ಹೋಲಿಸಿ, ಡಾಕಿಂಗ್‌ಗೆ ಅಂತ ಬದಲಾಗುತ್ತದೆ. ಅಂದರೆ ಯಾವುದಕ್ಕೆ ಹೋಲಿಸಿ ಅನ್ನುವ ಪ್ರಶ್ನೆಗೆ ಇದೂ ಉತ್ತರ ಕೊಡುತ್ತದೆ, ಕರ್ಬಲ್‌ಗಿಂತ ಮೊದಲೇ ಕೊಟ್ಟಿತ್ತು. ಡಾಕಿಂಗ್‌ನಲ್ಲಿ ಚೌಕಗಳ ಒಂದು ಸಾಲು ದಾರಿ ತೋರಿಸುತ್ತದೆ, ಅದರೊಳಗೆ ನುಗ್ಗಿಕೊಂಡು ಹೋಗುವುದು ಬಹಳ ಚಂದ. ಮೂರರಲ್ಲಿ ಆ ಒಂದು ಕೆಲಸಕ್ಕೆ ಇದೇ ಮೇಲು.

ಎರಡು ಕಾರಣಕ್ಕೆ ನನಗೆ ಒಗ್ಗಲಿಲ್ಲ. ಗೆರೆಗಳೆಲ್ಲ ಒಂದೇ ಹಸಿರು, ಹಾಗಾಗಿ ಪಕ್ಕದ ಅಂಕಿ ಓದಿ ಲೆಕ್ಕ ಹಾಕಬೇಕು, ದಣಿದ ಕಣ್ಣಿಗೆ ಅದು ಕಷ್ಟ. ಮತ್ತೆ ತಿರುಗಿಸುವ ಕೀಗಳೆಲ್ಲ ನಂಬರ್ ಪ್ಯಾಡ್‌ನಲ್ಲಿ. ನನ್ನ ಲ್ಯಾಪ್‌ಟಾಪ್‌ಗೆ ನಂಬರ್ ಪ್ಯಾಡೇ ಇಲ್ಲ.

ಹಾಗಾದರೆ ಯಾವುದು? ನೆಟ್ ಗಟ್ಟಿ ಇದ್ದು ಕಾದಾಟ ಇಷ್ಟ ಇರುವವರು ಎಲೀಟ್ ಕೊಳ್ಳಿ, ಆ ಕಡ್ಡಿಗಳ ಸ್ಕ್ಯಾನರ್ ನಿಮಗೆ ಮೋಸ ಮಾಡುವುದಿಲ್ಲ. ದುಡ್ಡು ಹಾಕುವ ಯೋಚನೆ ಇಲ್ಲದೆ, ದೊಡ್ಡ ಕೀಬೋರ್ಡ್ ಇದ್ದು, ಕೂತು ಓದುವ ತಾಳ್ಮೆ ಇದ್ದರೆ ಆರ್ಬಿಟರ್. ನನಗೆ ರಾತ್ರಿ ಸಿಗುವುದು ಸ್ವಲ್ಪ ಹೊತ್ತು, ಮಳೆಗಾಲ ಉದ್ದ, ಮತ್ತೆ ಮತ್ತೆ ದುಡ್ಡು ಹಾಕುವ ಮನಸ್ಸಿಲ್ಲ. ಹಾಗಾಗಿ ಕರ್ಬಲ್. ಪೂರ್ತಿ ಬೆಲೆ ಕೊಡಬೇಡಿ, ಸೇಲ್‌ಗೆ ಕಾಯಿರಿ. ಕೊಂಡ ಮೇಲೆ ಮೊದಲ ದಿನ ರಾಕೆಟ್ ಕಟ್ಟಲು ಹೋಗಬೇಡಿ. ಗೇಮ್‌ನ ಜೊತೆಗೇ ಬರುವ ಒಂದು ಸಣ್ಣ ವಿಮಾನವನ್ನು ರನ್‌ವೇಯಿಂದ ಎಬ್ಬಿಸಿ, ಎಡಕ್ಕೆ ಬಲಕ್ಕೆ ವಾಲಿಸಿ, ಒಮ್ಮೆ ಪೂರ್ತಿ ಮಗುಚಿ. ಹೊರಗೆ ನೋಡಬೇಡಿ, ಚೆಂಡಿನಲ್ಲಿ ಕಂದು ಮೇಲೆ ಬರುವುದನ್ನು ನೋಡಿ, ಆಮೇಲೆ ಅದೊಂದನ್ನೇ ನೋಡಿಕೊಂಡು ವಿಮಾನವನ್ನು ನೆಟ್ಟಗೆ ಮಾಡಿ.